ನಡುವಿನ ಎಂಟು ಪುಟ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಹೇಳಬೇಕೆಂದೇನಿಲ್ಲ, ನನ್ನನ್ನು ಬಲ್ಲವರು ಯಾರನ್ನು ಕೇಳಿದರೂ ಹೇಳುತ್ತಾರೆ. ಅವ್ವ ಬೈಯುತ್ತಿದ್ದದ್ದೇ ಹಾಗೆ: "ಇಕಿ ಬಾಯಾಗ ಒಂದು ಮಾತು ಹಾಕಿದ್ರ ಹತ್ತು ಮರಿ ಹಾಕ್ತದ." ಇವತ್ತು ಶಾಲೆಯಲ್ಲಿ ಪಾಠ ಹೇಳಿ ರೊಟ್ಟಿ ತಿನ್ನುತ್ತಿರುವುದೂ ಈ ಬಾಯಿಂದಲೇ. ಆದರೂ ಅದರ ಮೇಲೆ ನನಗೆ ಪ್ರೀತಿಯಿಲ್ಲ. ಈ ಬಾಯಿ ಆಡಿದ ಒಂದು ಕಥೆ, ಆಮೇಲೆ ಆಡಬೇಕಾದ ಹೊತ್ತಿನಲ್ಲಿ ಆಡದೆ ಉಳಿದ ಒಂದು ಮಾತು, ಎರಡೂ ಸೇರಿ ಒಂದು ಮಗುವನ್ನು ನುಂಗಿದವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಆಳಂದ ತಾಲ್ಲೂಕಿನ ಸರಸಂಬಾದಲ್ಲಿದ್ದೆವು. ಅಪ್ಪ ಅಲ್ಲಿಯ ಶಾಲೆಯಲ್ಲಿ ಹಿಂದಿ ಮಾಸ್ತರ, ನಾನು ಏಳನೇ ಇಯತ್ತೆ. ನಮಗೆ ಬಾಡಿಗೆಗೆ ಸಿಕ್ಕದ್ದು ಒಂದು ದೊಡ್ಡ ಮಣ್ಣಿನ ಮನೆಯ ಅರ್ಧ ಭಾಗ. ಇನ್ನರ್ಧದಲ್ಲಿ ಮನೆಯವರೇ ಇದ್ದರು: ಗಂಡ, ಹೆಂಡತಿ, ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಆ ತಂದೆ ತಾಯಿಯನ್ನು ನಾನು ಕಾಕಾ, ಕಾಕಿ ಎನ್ನುತ್ತಿದ್ದೆ. ಮಗಳಿಗೆ ಒಳ್ಳೆಯ ಹೆಸರೇ ಇತ್ತು, ಆದರೆ ಮನೆಯಲ್ಲಿ ಎಲ್ಲರಿಗೂ ಅವಳು 'ಸಣ್ಣಾಕಿ'. ಏಳು ವರ್ಷ, ಎರಡು ಜಡೆ, ಜಡೆಗೆ ಕೆಂಪು ಟೇಪು. ನಾನು ಎಲ್ಲಿ ಹೋದರೂ ನನ್ನ ಲಂಗದ ಅಂಚು ಅವಳ ಕೈಯಲ್ಲಿ. ನೀರಿಗೆ ಹೋದರೆ ನೀರಿಗೆ, ಗಿರಣಿಗೆ ಹೋದರೆ ಗಿರಣಿಗೆ. ದಾರಿಯುದ್ದಕ್ಕೂ ನಾನು ಏನಾದರೂ ಹೇಳುತ್ತಿರಬೇಕು, ನಾನು ಉಸಿರು ತೆಗೆದುಕೊಳ್ಳಲು ನಿಂತರೆ ಅವಳು "ಮುಂದ?" ಎನ್ನಬೇಕು. ಅದೊಂದೇ ಮಾತು ಅವಳಿಗೆ. ಕಥೆ ಮುಗಿದು ರಾಜ ರಾಣಿ ಸುಖವಾಗಿದ್ದರು ಎಂದರೂ ಬಿಡುತ್ತಿರಲಿಲ್ಲ, "ಮುಂದ?"

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಬಸ್ ಕಂಡಕ್ಟರ್. ಸರಸಂಬಾ ದಾಟಿ ಆಳಂದದ ಮೇಲೆ ಕಲಬುರ್ಗಿಗೆ ಹೋಗಿಬರುವ ಬಸ್ಸು ಅವನದು. ಜನ ಬಸ್ಸಿನಲ್ಲಿ ಛತ್ರಿ ಬಿಡುತ್ತಾರೆ, ರೊಟ್ಟಿ ಗಂಟು ಬಿಡುತ್ತಾರೆ, ಒಮ್ಮೆ ಒಬ್ಬ ಮುದುಕ ಹಲ್ಲಿನ ಸೆಟ್ಟನ್ನೇ ಬಿಟ್ಟು ಇಳಿದಿದ್ದನಂತೆ. ಅವನ್ನೆಲ್ಲ ಮಾಮಾ ಡಿಪೋದಲ್ಲಿ ಒಪ್ಪಿಸುತ್ತಿದ್ದ. ಒಂದು ದಿನ ಮಾತ್ರ, ಯಾರೂ ಕೇಳಿಕೊಂಡು ಬರುವುದಿಲ್ಲವೆಂದು, ಒಂದು ಚಿತ್ರದ ಪುಸ್ತಕ ತಂದು ನನ್ನ ಕೈಗೆ ಹಾಕಿದ. ಹಿಂದಿ ಕಾಮಿಕ್ಸು. ಅಪ್ಪ ಎರಡು ಪುಟ ತಿರುವಿ ಮೂಗು ಮುರಿದರು. "ಇಂಥಾ ಕಿತಾಬ ಓದಿದ್ರ ಇದ್ದ ಹಿಂದೀನೂ ಕೆಟ್ಟಹೋಗ್ತದ," ಎಂದರು. ಕಸಿದುಕೊಳ್ಳಲಿಲ್ಲ.

ಅಯ್ಯೋ, ಆ ರಟ್ಟು ಈಗಲೂ ಕಣ್ಣ ಮುಂದಿದೆ. ಮೂವರು ನಿಂತಿದ್ದರು. ಒಬ್ಬ ಬೆಂಕಿಯವನು, ಒಬ್ಬ ಕಲ್ಲಿನ ಮೈಯವನು, ಒಬ್ಬಳು ಗಾಳಿಯ ಹಾಗೆ ಹಾರುವವಳು. ಈ ಮೂವರ ಬೇರೆ ಬೇರೆ ಪುಸ್ತಕಗಳನ್ನು ಆಳಂದದ ಬಸ್ ಸ್ಟ್ಯಾಂಡ್ ಬಳಿಯ ಅಂಗಡಿಯಲ್ಲಿ ಹಗ್ಗಕ್ಕೆ ನೇತುಹಾಕಿದ್ದನ್ನು ನಾವೆಲ್ಲ ಬಾಯಿಬಿಟ್ಟು ನೋಡಿದ್ದೆವು. ಇಲ್ಲಿ ಮೂವರೂ ಒಂದೇ ಪುಸ್ತಕದಲ್ಲಿ! ಮೂರು ಊರಿನ ಪೈಲ್ವಾನರು ಒಂದೇ ಕಣಕ್ಕೆ ಇಳಿದಂತೆ. "ಇವರಿಗೆ ಒಬ್ಬರಿಗೊಬ್ಬರ ಗುರ್ತ ಹೆಂಗ, ಅಕ್ಕಾ?" ಎಂದು ಸಣ್ಣಾಕಿ ಕೇಳಿದಳು. "ಸಂತ್ಯಾಗ ಭೆಟ್ಟಿ ಆಗಿದ್ರು," ಎಂದೆ. ನಾನು ಹೀಗೆ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ.

ಕಥೆ ಇದು. ಉಗ್ರವಾದಿಗಳ ಒಂದು ಗುಂಪು, ಬಾಂಬು ಹಾಕಿ ಹಾಕಿ ಬೇಸರವಾಗಿಯೋ ಏನೋ, ಒಬ್ಬ ಕೆಟ್ಟ ವಿಜ್ಞಾನಿಯನ್ನು ಸೇರಿಸಿಕೊಂಡು ರೋಗದ ಹುಳಗಳನ್ನು ಗಾಜಿನ ನಳಿಗೆಗಳಲ್ಲಿ ಸಾಕುತ್ತದೆ. ಒಂದು ನಳಿಗೆ ಒಡೆದರೆ ಒಂದು ಊರೇ ಖಾಲಿ. ಬಾಂಬು ನಮಗೆ ಹೊಸದಲ್ಲ, ದಿನಾ ಸಂಜೆ ರೇಡಿಯೋದ ವಾರ್ತೆಯಲ್ಲಿ ಎಲ್ಲಿಯಾದರೂ ಒಂದು ಸಿಡಿಯುತ್ತಿತ್ತು. ಆದರೆ ರೋಗವನ್ನೇ ಬಾಂಬು ಮಾಡಬಹುದೆಂದು ನಮಗೆ ಗೊತ್ತಿರಲಿಲ್ಲ. ಹುಳಗಳನ್ನು ಅವರು ಶಹರದ ನೀರಿನ ಟಾಕಿಗೆ ಬಿಡುತ್ತಾರೆ. ಬೆಂಕಿಯವನು ಸುಡುವಂತಿಲ್ಲ, ಸುಟ್ಟರೆ ಹೊಗೆಯಲ್ಲಿ ಹಬ್ಬುತ್ತದೆ. ಗಾಳಿಯವಳು ಬೀಸುವಂತಿಲ್ಲ, ಬೀಸಿದರೆ ಪಕ್ಕದ ಊರಿಗೆ ಹೋಗುತ್ತದೆ. ಕಲ್ಲಿನವನು ಟಾಕಿಗೆ ಧುಮುಕಿ ಹುಳ ಹಿಡಿಯಲು ಹೋಗಿ ತಾನೇ ರೋಗ ಹತ್ತಿಸಿಕೊಂಡು ಆಸ್ಪತ್ರೆಯಲ್ಲಿ ಬೀಳುತ್ತಾನೆ. ಆ ಪುಟದ ಕೊನೆಯ ಚಿತ್ರದಲ್ಲಿ ಬಿಳಿ ಬಟ್ಟೆಯವರೊಬ್ಬರು, ಮುಖ ಆ ಕಡೆ, ಕೈಯಲ್ಲಿ ಸೂಜಿ.

ಅಷ್ಟೇ. ಅಲ್ಲಿಂದ ಎಂಟು ಪುಟ ಇರಲಿಲ್ಲ. ಒಂದೊಂದಕ್ಕೆ ನಾಲ್ಕು ಪುಟದ ನಡುವಿನ ಎರಡು ಹಾಳೆಗಳನ್ನು ಯಾರೋ ಪಿನ್ನಿನಿಂದ ಕಿತ್ತುಕೊಂಡಿದ್ದರು, ಶೇಂಗಾದ ಸಿಪ್ಪೆ ಹಾಕಲೋ, ಕೂಸಿನ ಮೂಗು ಒರೆಸಲೋ. ಮುಂದಿನ ಪುಟದಲ್ಲಿ ನೋಡಿದರೆ ಕೆಟ್ಟವರೆಲ್ಲ ಹಗ್ಗದಲ್ಲಿ ಬಿಗಿದು ಬಿದ್ದಿದ್ದಾರೆ, ಕಲ್ಲಿನವನು ಎದ್ದು ನಿಂತಿದ್ದಾನೆ, ಮಕ್ಕಳು ನಗುತ್ತಿದ್ದಾರೆ.

ನಮ್ಮ ಕಡೆ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಪದ್ಯ ಎರಡು ಸಾಲಿದ್ದರೆ ಅರ್ಥ ಅರ್ಧ ತಾಸು. ಅರ್ಥ ಹೇಳುವವರು ಊರಿನ ಗೌಡನನ್ನೂ, ಅತ್ತೆ ಸೊಸೆಯರ ಜಗಳವನ್ನೂ, ನಿನ್ನೆ ತಪ್ಪಿಸಿಕೊಂಡ ಎಮ್ಮೆಯನ್ನೂ ಅದರೊಳಗೆ ತರುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ, ಕೇಳಿದ್ದನ್ನೆಲ್ಲ ಖರೇ ಎಂದೇ ಕೇಳುತ್ತಾರೆ. ಮತ್ತೆ, ಹಚ್ಚಿದ ಪುರಾಣವನ್ನು ನಡುವೆ ಬಿಡುವಂತಿಲ್ಲ, ಮಂಗಳ ಆಗಲೇಬೇಕು. ನಾವು ಮಕ್ಕಳು ಕಾಮಿಕ್ಸನ್ನು ಓದಿದ್ದು ಆ ರೀತಿಯಲ್ಲೇ. ಕಾಕಿಯ ಮನೆಯ ಬಾಗಿಲು ದಾಟಿದ ಕೂಡಲೇ ಪಡಸಾಲೆಯಂಥ ನೆರಳಿನ ಬಂಕ. ಅಲ್ಲಿ ಹತ್ತು ಹನ್ನೆರಡು ಹುಡುಗರು ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದರು, ನಾನು ಹಿಂದಿ ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಕಾಕಿ ಒಂದು ಕಡೆ ಮೊರದಲ್ಲಿ ತೊಗರಿಬೇಳೆ ಕೇರುತ್ತ ಕೂತಿರುತ್ತಿದ್ದಳು.

ಎಂಟು ಪುಟದ ಆ ಖಾಲಿ ಜಾಗಕ್ಕೆ ಬಂದಾಗ ನಾನು ನಿಲ್ಲಬೇಕಾಗಿತ್ತು. ಪುಟ ಹರಿದಾವ, ಮುಂದಿನದು ಗೊತ್ತಿಲ್ಲ ಎನ್ನಬೇಕಾಗಿತ್ತು. ಆದರೆ ಸಣ್ಣಾಕಿ "ಮುಂದ?" ಎಂದಳು. ಹತ್ತು ಜೊತೆ ಕಣ್ಣು ನನ್ನ ಬಾಯಿ ನೋಡುತ್ತಿದ್ದವು. ನಾನು ಚಿತ್ರದಲ್ಲಿದ್ದ ಬಿಳಿ ಬಟ್ಟೆಯ ಬೆನ್ನು ನೋಡಿದೆ, ಕೈಯ ಸೂಜಿ ನೋಡಿದೆ, ಹಿಂದು ಮುಂದು ನೋಡದೆ ಶುರು ಮಾಡಿದೆ.

"ಆಕಿ ಡಾಕ್ಟರ್ ಅಲ್ಲ," ಎಂದೆ. "ಆಕಿ ಅವರ ಪೈಕಿ. ಬಿಳೀ ಸೀರಿ ಉಟಗೊಂಡು, ನೀಲೀ ಪೆಟ್ಟಿಗಿ ಹಿಡಕೊಂಡು, ಚಪ್ಪಲಿ ಟಪ್ ಟಪ್ ಅನಿಸಕೋತ ಊರೂರು ತಿರಗತಾಳ. ಸಾಲ್ಯಾಗ ಬಂದು ಹುಡುಗೂರಿಗೆ ಪಾಳಿ ಹಚ್ಚಸ್ತಾಳ. ಏನೂ ಆಗಂಗಿಲ್ಲ ಬಾ ಕೂಸ, ಇರಿವಿ ಕಡದಂಗ ಆಗ್ತದ ಅಷ್ಟ ಅಂತಾಳ. ಸೂಜ್ಯಾಗ ಇರೂದು ಔಷಧ ಅಲ್ಲ. ರೋಗದ ಹುಳ!"

ನೀಲಿ ಪೆಟ್ಟಿಗೆ, ಟಪ್ ಟಪ್ ಚಪ್ಪಲಿ, ಇರುವೆ ಕಚ್ಚಿದ ಮಾತು, ಎಲ್ಲವೂ ನಮ್ಮ ಊರಿಗೆ ಬರುತ್ತಿದ್ದ ನರ್ಸಬಾಯಿಯವು. ಪಾಪ, ಬಿಸಿಲಲ್ಲಿ ನಡೆದು ನಡೆದು ಹಿಮ್ಮಡಿ ಒಡೆದ ಹೆಂಗಸು ಅವಳು. ಅರ್ಥ ಹೇಳುವವರು ಊರಿನ ಗೌಡನನ್ನು ತರುವ ಹಾಗೆ ನಾನು ಅವಳನ್ನು ಎಳೆದು ತಂದೆ. ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡರು. ಕಾಕಿ ಮೊರ ನಿಲ್ಲಿಸಿ, "ಹೌದೇನ ಬೇ? ಹಿಂಗೂ ಇರ್ತಾರೇನ ಮಂದಿ?" ಎಂದಳು. "ಕಿತಾಬಿನ್ಯಾಗ ಬರದಾರಲ್ಲ ಕಾಕಿ," ಎಂದೆ. ದೊಡ್ಡವರೂ ನಂಬಿದರಲ್ಲ ಎಂದು ನನಗೆ ಎಷ್ಟು ಹಿಗ್ಗು! ಆಮೇಲೆ ಒಂದು ವಾರ ಹುಡುಗರು ಮೂವರು ವೀರರನ್ನು ಕೇಳಲೇ ಇಲ್ಲ. ದಿನಾ ಬಂದು ಬಿಳಿ ಸೀರೆಯವಳ ಕಥೆ ಹೇಳು ಎನ್ನುವುದು, ನಾನು ದಿನಕ್ಕೊಂದು ಹೊಸ ಚಪ್ಪಲಿ ಸದ್ದು ಸೇರಿಸುವುದು.

ಆ ಚಳಿಗಾಲದಲ್ಲಿ ಸುತ್ತಿನ ಊರುಗಳಲ್ಲಿ ಗಂಟಲಮಾರಿ ಕಾಣಿಸಿತು. ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರು ಹಿಡಿಯುವ ರೋಗ. ನರ್ಸಬಾಯಿ ನೀಲಿ ಪೆಟ್ಟಿಗೆ ಹಿಡಿದು ನಮ್ಮ ಶಾಲೆಗೆ ಬಂದಳು. ಹಿಂದಿನ ದಿನ ಪಕ್ಕದೂರು ಕಿಣ್ಣಿ ಸುಲ್ತಾನದಲ್ಲಿ ಎಲ್ಲ ಮಕ್ಕಳಿಗೂ ಸೂಜಿ ಆಗಿತ್ತಂತೆ, ಇವತ್ತು ನಮ್ಮದು ಎಂದು ರಾತ್ರಿಯೇ ಊರಿಗೆಲ್ಲ ಗೊತ್ತಾಗಿತ್ತು. ಹೆಡ್ ಮಾಸ್ತರರು ಹಾಜರಿ ಪುಸ್ತಕ ಹಿಡಿದು ವರಾಂಡದಲ್ಲಿ ಕೂತು ಒಂದೊಂದೇ ಹೆಸರು ಕರೆದರು. ಕೆಲವು ಹುಡುಗರು ಅತ್ತರು, ಒಬ್ಬ ಕಂಪೌಂಡು ಹಾರಿದ, ಮಾಸ್ತರರು ಹಿಡಿದು ತಂದರು. ನಾನು ತೋಳು ಮೇಲೇರಿಸಿ ಧೀರಳ ಹಾಗೆ ನಿಂತೆ. ನನಗೆ ಏನು ಹೆದರಿಕೆ? ಕಥೆ ಕಟ್ಟಿದವಳು ನಾನೇ ಅಲ್ಲವೆ.

ಸಣ್ಣಾಕಿಯ ಹೆಸರು ಕರೆದಾಗ ಉತ್ತರ ಬರಲಿಲ್ಲ. "ಜ್ವರ ಬಂದಾವಂತ್ರಿ, ಮನ್ಯಾಗಿಂದ ಹೇಳಿ ಕಳಸ್ಯಾರ," ಎಂದರು ಮಾಸ್ತರರು. ನರ್ಸಬಾಯಿ ನನ್ನ ತೋಳಿಗೆ ಹತ್ತಿ ಒತ್ತುತ್ತ, "ನಿಮ್ಮ ಮನ್ಯಾಗಿನ ಹುಡುಗಿ ಅಲ್ಲೇನು ಅದು? ಖರೇನ ಜ್ವರ ಬಂದಾವೇನು, ನೋಡಿ ಹೇಳು," ಎಂದಳು.

ನನಗೆ ಗೊತ್ತಿತ್ತು. ಬೆಳಿಗ್ಗೆ ಶಾಲೆಗೆ ಹೊರಟಾಗ ಸಣ್ಣಾಕಿ ಹಿತ್ತಲ ಬಾಗಿಲಿಂದ ಕೈ ಮಾಡಿ ಕರೆದಿದ್ದಳು. "ಅಕ್ಕಾ, ನಾ ಕಣಿಕಿ ಬಣವ್ಯಾಗ ಅಡಗತೇನಿ. ಯಾರ ಮುಂದೂ ಹೇಳಬ್ಯಾಡ." ಜೋಳದ ದಂಟಿನ ಆ ಬಣವೆಯಲ್ಲಿ ಎಮ್ಮೆಗೆ ಎಳೆದೂ ಎಳೆದೂ ಒಂದು ಗವಿಯ ಹಾಗೆ ಆಗಿತ್ತು. ನರ್ಸಬಾಯಿ ಕೇಳಿದಾಗ ಏನು ಯೋಚಿಸಿದೆ ಗೊತ್ತೆ? ನನ್ನ ಕಥೆ ಎಷ್ಟು ಚಲೋ ಹತ್ತಿದೆ ನೋಡು ಎಂದು ಯೋಚಿಸಿದೆ. ನನ್ನ ಬಾಯಿಗೆ ಬೆಂಕಿ ಬೀಳಲಿ, ಹಾಗೆಯೇ ಯೋಚಿಸಿದೆ.

"ಹೌದ್ರಿ ಬಾಯಾರ," ಎಂದೆ. "ಜ್ವರ ಬಂದಾವ್ರಿ."

ನರ್ಸಬಾಯಿ ಪಟ್ಟಿಯಲ್ಲಿ ಏನೋ ಗುರುತು ಮಾಡಿಕೊಂಡು, ಆರಾಮಾದ ಮೇಲೆ ದವಾಖಾನೆಗೆ ಕರಕೊಂಡು ಬರಲಿಕ್ಕೆ ಹೇಳು ಎಂದು ಪೆಟ್ಟಿಗೆ ಮುಚ್ಚಿದಳು. ಆ ಮಾತನ್ನು ನಾನು ಕಾಕಿಗೆ ಮುಟ್ಟಿಸಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಸಣ್ಣಾಕಿ ಬಣವೆಯಿಂದ ಹೊರಗೆ ಬಂದಳು. ಕೂದಲ ತುಂಬ ಒಣ ಸೊಪ್ಪು. ನನ್ನ ತೋಳು ಹಿಡಿದು, ಸೂಜಿ ಚುಚ್ಚಿದ ಜಾಗವನ್ನು ಮುಟ್ಟದೆ ಬಗ್ಗಿ ನೋಡಿ, "ಅಕ್ಕಾ, ನಿನಗ ಏನೂ ಆಗಿಲ್ಲೇನು?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಸಾಯುತ್ತೇನೆಂದು ಆ ಕೂಸು ಅರ್ಧ ದಿನ ಬಣವೆಯಲ್ಲಿ ಅಳುತ್ತ ಕೂತಿತ್ತು. ಅದು ಸುಳ್ಳು ಕಥೆ, ನಡಿ, ಈಗಲೇ ಓಡಿದರೆ ನರ್ಸಬಾಯಿ ಬಸ್ಸಿಗೆ ನಿಂತಿರುತ್ತಾಳೆ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಿದರೆ ನನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯುತ್ತದೆ? "ನಂದು ಗಟ್ಟಿ ಮೈ," ಎಂದೆ. "ಕಲ್ಲಿನಂವನ ಹಂಗ. ನನಗ ಹುಳ ಏನೂ ಮಾಡಂಗಿಲ್ಲ."

ಎಂಟು ಹತ್ತು ದಿನ ಆಗಿರಬಹುದು, ಸಣ್ಣಾಕಿಗೆ ಗಂಟಲು ನೋಯತೊಡಗಿತು. ಕಾಕಿ ಅರಿಸಿನ ಹಾಲು ಕೊಟ್ಟಳು, ಬೂದಿ ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ಕಾಸಿದಳು. ಶೀತವಾಗಿದೆ ಎಂದುಕೊಂಡರು. ಮೂರನೆಯ ದಿನ ಕುತ್ತಿಗೆ ದಪ್ಪಗೆ ಊದಿ ಗದ್ದ ಕಾಣಿಸದ ಹಾಗೆ ಆಯಿತು. ಮಾತು ಮೂಗಿನಿಂದ ಬರುತ್ತಿತ್ತು, ನೀರು ಕುಡಿದರೆ ನೀರೂ ಮೂಗಿನಿಂದಲೇ ಬರುತ್ತಿತ್ತು. ಅಪ್ಪ ಬಾಯಿ ತೆರೆಸಿ ನೋಡಿದವರು ಮುಖ ಬಿಳುಚಿಕೊಂಡು, "ಮುಂಜಾನಿ ಬಸ್ಸಿಗೆ ಕಲಬುರ್ಗಿಗೆ ಒಯ್ಯೂಣು, ತಡ ಬ್ಯಾಡ," ಎಂದರು.

ಬೆಳಗಿನ ಬಸ್ಸು ಮಾಮಾನದೇ. ಕಾಕಾ ಮಗಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ, ಕಾಕಿ ಬರಿಗಾಲಲ್ಲೇ ಹಿಂದೆ ಓಡುತ್ತಿದ್ದಳು. ನಾನು ಬಸ್ಸಿನ ಕಿಟಕಿಯ ಕೆಳಗೆ ನಿಂತೆ. ಸಣ್ಣಾಕಿ ಕಿಟಕಿಯ ಸರಳಿನ ನಡುವಿನಿಂದ ಕೈ ಹೊರಗೆ ಹಾಕಿದಳು. ಉಸಿರು ಎಳೆದು ಎಳೆದು, "ಅಕ್ಕಾ, ಅಲ್ಲಿ ಸೂಜಿ ಮಾಡ್ತಾರೇನ?" ಎಂದಳು.

"ಇಲ್ಲ ಬೇ," ಎಂದೆ.

"ಆಣಿ?"

"ನಿನ್ನಾಣಿ."

ಬಸ್ಸು ಹೊರಟಿತು. ಅವಳ ಮೇಲೆ ಆಣೆ ಇಟ್ಟದ್ದು ನಾನು.

ಆಳಂದದಲ್ಲಿ ಮಾಮಾ ಜನರಿಗೆ ಕೈ ಮುಗಿದು, ಎಲ್ಲಿಯೂ ನಿಲ್ಲಿಸುವುದಿಲ್ಲ, ನಡುವೆ ಇಳಿಯುವವರು ಬೇರೆ ಬಸ್ಸು ಹಿಡಿಯಿರಿ ಎಂದನಂತೆ. ಯಾರೂ ಒಂದು ಮಾತು ಆಡಲಿಲ್ಲವಂತೆ. ಕೈ ಮಾಡಿದವರನ್ನೆಲ್ಲ ರಸ್ತೆಯಲ್ಲೇ ಬಿಟ್ಟು ಬಸ್ಸು ಓಡಿತು. ಆದರೂ ಕಲಬುರ್ಗಿ ಕಾಣುವ ಮೊದಲೇ ಕಾಕಿಯ ತೊಡೆಯ ಮೇಲೆ ಉಸಿರು ನಿಂತಿತು. ಸಂಜೆ ಮಾಮಾ ಟಿಕೆಟ್ಟಿನ ಚೀಲವನ್ನು ಹೆಗಲಿಂದ ಇಳಿಸದೆ ನಮ್ಮ ಕಟ್ಟೆಯ ಮೇಲೆ ಕೂತು, ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಮರುದಿನ ಅವರ ಹೊಲದ ಬದುವಿನ ಬಳಿ ಸಣ್ಣ ಕುಣಿ ತೋಡಿ, ಹಣೆಗೆ ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಮಾಡಿದರು. ಜಡೆಯ ಕೆಂಪು ಟೇಪು ಹಾಗೇ ಇತ್ತು.

ಅವತ್ತೇ ನಾನು ಆ ಪುಸ್ತಕವನ್ನು ಅವ್ವನ ಒಲೆಗೆ ಹಾಕಿದೆ. ಬಣ್ಣದ ಕಾಗದ ನೀಲಿ ಹಸಿರಾಗಿ ಉರಿಯಿತು.

ಮುಂದಿನ ವರ್ಷ ಅಪ್ಪನಿಗೆ ಅಫಜಲಪುರಕ್ಕೆ ವರ್ಗವಾಯಿತು. ಸಾಮಾನು ಗಾಡಿಗೆ ಏರಿಸುವಾಗ ಕಾಕಿ ಶೇಂಗಾ ಹೋಳಿಗೆಯ ಗಂಟು ತಂದು ನನ್ನ ಕೈಗಿಟ್ಟು, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. "ನನ್ನ ಕೂಸಿಗೆ ಕತಿ ಹೇಳಾಕಿ ನೀ ಒಬ್ಬಾಕಿ ಇದ್ದಿ," ಎಂದಳು. ಗಾಡಿ ಊರು ದಾಟುವ ಮೊದಲೇ ನಾನು ವಾಂತಿ ಮಾಡಿಕೊಂಡೆ. ಬಿಸಿಲಿಗೆ ಎಂದು ಅವ್ವ ತಲೆಗೆ ನೀರು ತಟ್ಟಿದಳು.

ಅಫಜಲಪುರದಲ್ಲಿ ನಾನು ಬಾಯಿ ಮುಚ್ಚಿದೆ. ಅವ್ವ ಮೊದಲು ದೇವರು ದೊಡ್ಡವನು ಎಂದಳು, ಆಮೇಲೆ ಹೆದರಿ ತಾಯಿತ ಕಟ್ಟಿಸಿದಳು. ಕಾಲೇಜಿಗೆ ಹೋಗುವ ಹೊತ್ತಿಗೆ ಒಮ್ಮೆ ಅಪ್ಪನ ಮುಂದೆ ಅರ್ಧ ಹೇಳಿದೆ. ಕಥೆ ಕಟ್ಟಿದ್ದು ಹೇಳಿದೆ, ನರ್ಸಬಾಯಿಗೆ ಸುಳ್ಳು ಹೇಳಿದ್ದು ಹೇಳಲಿಲ್ಲ. ಅಪ್ಪ "ನಿಂದಲ್ಲ ಅದು," ಎಂದರು. "ಹಿಂದ ಮಕ್ಕಳಾಗದಂಗ ಆಪರೇಷನ್ ಮಾಡಾಕ ಜೀಪಿನ್ಯಾಗ ಬಂದು ಗಂಡಸರನ್ನ ಹಿಡದು ಒಯ್ತಿದ್ರು. ಬಿಳೀ ಬಟ್ಟಿ ಕಂಡ್ರ ಮಂದಿ ಹೊಲ ಬಿದ್ದು ಓಡತಿದ್ರು. ಆ ಅಂಜಿಕಿ ಊರಾಗ ಮೊದಲ ಇತ್ತು." ಇದ್ದೀತು. ಅಪ್ಪನ ಆ ಮಾತನ್ನು ನಾನು ಕೆಲವು ವರ್ಷ ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಇದ್ದ ಅಂಜಿಕೆಗೆ ಸೀರೆ ಉಡಿಸಿ, ಚಪ್ಪಲಿ ತೊಡಿಸಿ, ಕೈಗೆ ನೀಲಿ ಪೆಟ್ಟಿಗೆ ಕೊಟ್ಟವಳು ಯಾರು?

ನನಗೆ ಮಾಸ್ತರಿಕೆ ಸಿಕ್ಕದ್ದು ಜೇವರ್ಗಿಯಲ್ಲಿ. ಪೋಲಿಯೋ ಹನಿ ಹಾಕುವ ಐತವಾರ ಬಂದರೆ ಮಾಸ್ತರರೆಲ್ಲ ಹೆಸರು ಬರೆಯುವ ಕೆಲಸ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದರು, ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಗೆಳತಿಯರಿಗೆ ಇದು ತಮಾಷೆ. ಸೂಜಿಯಲ್ಲ, ಎರಡೇ ಹನಿ. ಆದರೂ ಕೆಲವು ಮನೆಯವರು ಮಕ್ಕಳನ್ನು ಬಚ್ಚಿಡುತ್ತಿದ್ದರು. ಅಂಥ ಮನೆಯ ಬಾಗಿಲಲ್ಲಿ ನಾನು ಕೂತುಬಿಡುತ್ತಿದ್ದೆ. ಹನಿ ಹಾಕುವ ತನಕ ಏಳುತ್ತಿರಲಿಲ್ಲ. ಒಬ್ಬಳು ನನ್ನ ಮೇಲೆ ಪಾತ್ರೆ ತೊಳೆದ ನೀರು ಚೆಲ್ಲಿದ್ದೂ ಉಂಟು.

ಅಂಥ ಒಂದು ಐತವಾರ ಶಾಲೆಯ ಬೂತಿನಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಕೂಸು, ಕೈಯಲ್ಲಿ ದೊಡ್ಡ ಮಗಳನ್ನು ಹಿಡಿದು ಪಾಳಿಯಲ್ಲಿ ನಿಂತಿದ್ದಳು. ದೊಡ್ಡ ಹುಡುಗಿಯ ಎದೆಗೆ ಒತ್ತಿಕೊಂಡ ಪುಸ್ತಕದ ರಟ್ಟು ನೋಡಿ ನನ್ನ ಕೈಯ ಪೆನ್ನು ನಿಂತಿತು. ಬೆಂಕಿಯವನು, ಕಲ್ಲಿನವನು, ಗಾಳಿಯವಳು. ಮೂಲೆ ಹರಿದು ಬಣ್ಣ ಮಾಸಿತ್ತು, ಆದರೆ ಅದೇ ಪುಸ್ತಕದ ಇನ್ನೊಂದು ಪ್ರತಿ. ಪಿನ್ನು ಗಟ್ಟಿಯಾಗಿತ್ತು.

ಪಕ್ಕದವಳಿಗೆ ಪಟ್ಟಿ ಕೊಟ್ಟು ಹುಡುಗಿಯನ್ನು ಕರೆದುಕೊಂಡು ಬೇವಿನ ಗಿಡದ ಕೆಳಗೆ ಕೂತೆ. ಅವಳು ಪುಸ್ತಕದ ಒಂದು ಅಂಚು ಬಿಡಲಿಲ್ಲ, ನಾನು ಓಡಿಹೋಗುತ್ತೇನೆಂದು. ನಡುವಿನ ಎಂಟು ಪುಟ ತೆರೆದೆ.

ಬಿಳಿ ಬಟ್ಟೆಯವರು ಈ ಕಡೆ ತಿರುಗಿದ್ದರು. ವಯಸ್ಸಾದ, ಕನ್ನಡಕದ ಒಬ್ಬ ಡಾಕ್ಟರ್ ಬಾಯಿ. ರಾತ್ರಿಯೆಲ್ಲ ಕೂತು ಆ ರೋಗಕ್ಕೆ ಔಷಧ ಕಂಡುಹಿಡಿದವಳು ಅವಳೇ. ಶಹರದ ಜನ ನಂಬುವುದಿಲ್ಲ, ಸೂಜಿಯಲ್ಲೇ ರೋಗವಿದೆ ಎಂದು ಕೆಟ್ಟವರು ಸುದ್ದಿ ಹಬ್ಬಿಸಿದ್ದಾರೆ, ತಾಯಂದಿರು ಮಕ್ಕಳನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ್ದಾರೆ. ಆಗ ಬೆಂಕಿಯವನೂ ಗಾಳಿಯವಳೂ ಚೌಕದಲ್ಲಿ ಎಲ್ಲರ ಮುಂದೆ ನಿಂತು ತೋಳು ಮೇಲೇರಿಸಿ, ಮೊದಲು ನಮಗೆ ಮಾಡಿ ಎನ್ನುತ್ತಾರೆ. ಒಂದು ಬಾಗಿಲು ತೆರೆಯುತ್ತದೆ, ಇನ್ನೊಂದು ತೆರೆಯುತ್ತದೆ. ಎಂಟನೆಯ ಪುಟ ಪೂರ್ತಿ ಒಂದೇ ಚಿತ್ರ: ಶಹರದ ಮಕ್ಕಳ ಉದ್ದನೆಯ ಪಾಳಿ.

ಸುದ್ದಿ ಹಬ್ಬಿಸಿದವರು ಕೆಟ್ಟವರು. ಅವರ ಪೈಕಿಯವಳು ನಾನು. ಆ ಗಿಡದ ನೆರಳಲ್ಲಿ ಕೂತು ಬಾಯಿಗೆ ಸೆರಗು ತುಂಬಿಕೊಂಡು ಅತ್ತೆ. ಆ ಹುಡುಗಿ ಗಾಬರಿಯಾಗಿ, "ಅಳಬ್ಯಾಡ್ರಿ ಟೀಚರ್, ಕೊನಿಗೆ ಎಲ್ಲಾರೂ ಆರಾಮ ಆಗ್ತಾರ," ಎಂದು ಸಮಾಧಾನ ಮಾಡಿತು. ಪುಸ್ತಕ ಮಾತ್ರ ಕೊಡಲಿಲ್ಲ. ಕೊನೆಗೆ ಬಣ್ಣದ ಪೆನ್ಸಿಲಿನ ದೊಡ್ಡ ಡಬ್ಬಿಗೆ ಒಪ್ಪಿತು.

ಮುಂದಿನ ರಜೆಗೆ ಸರಸಂಬಾಕ್ಕೆ ಹೋದೆ. ಜೇವರ್ಗಿಯಿಂದ ಕಲಬುರ್ಗಿ, ಕಲಬುರ್ಗಿಯಿಂದ ಆಳಂದದ ಮೇಲೆ ಸರಸಂಬಾ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಟ್ಟೆಯೊಳಗೆ ಜೋಡಿಸಿಕೊಳ್ಳುತ್ತ. ಕಾಕಿ ಅದೇ ಬಂಕದಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ, "ಯವ್ವಾ, ಇದ್ಯಾರ ಬಂದಾರ! ಬಾ ಬೇ, ಬಾ," ಎಂದು ನೀರು ತಂದಳು. ನಾನು ನೀರು ಮುಟ್ಟದೆ ಎಲ್ಲವನ್ನೂ ಹೇಳಿದೆ. ಪುಟ ಇರಲಿಲ್ಲ, ನಾನೇ ಕಟ್ಟಿದೆ ಎಂದೆ. ನರ್ಸಬಾಯಿ ಕೇಳಿದಾಗ ಜ್ವರ ಎಂದು ಸುಳ್ಳು ಹೇಳಿದೆ ಎಂದೆ. ಬಣವೆಯಲ್ಲಿ ಅಡಗಿದ್ದು ನನಗೆ ಗೊತ್ತಿತ್ತು ಎಂದೆ.

ಕಾಕಿ ಬೇಳೆಯಲ್ಲಿ ಕೈ ಆಡಿಸುತ್ತಲೇ ಇದ್ದಳು. "ಬಣವ್ಯಾಗ ಆಕಿ ತಾನ ಅಡಗಿರಲಿಲ್ಲ," ಎಂದಳು. "ನಾ ಕೂಡಿಸಿದ್ದೆ. ರೊಟ್ಟಿ ಬೆಲ್ಲ ಕಟ್ಟಿ ಕೊಟ್ಟು, ಸಪ್ಪಳ ಮಾಡಬ್ಯಾಡ ಅಂತ ಹೇಳಿ, ಮ್ಯಾಲ ಕಣಿಕಿ ಮುಚ್ಚಿ ಬಂದೆ. ಮಾಸ್ತರರಿಗೆ ಜ್ವರ ಅಂತ ಹೇಳಿ ಕಳಿಸಿದಾಕೀನೂ ನಾನ. ನಿನ್ನ ಕತಿ ನಾನೂ ಕೇಳಿದ್ದೆನಲ್ಲ ಬೇ." ಬೇಳೆಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದು, "ಕಾಕಾನ ಮುಂದ ಇವತ್ತಿಗೂ ಹೇಳಿಲ್ಲ. ಆಕಿ ನಿನಗ ಹೇಳೇ ಇರ್ತಾಳ, ನೀ ಯಾರ ಮುಂದರ ಹೇಳಿಗೀಳೀದಿ ಅಂತ ಇಷ್ಟು ವರ್ಷ ಅಂಜಿಕೋತ ಇದ್ದೆ," ಎಂದಳು.

ನಾನು ಚೀಲದಿಂದ ಪುಸ್ತಕವನ್ನು ಅರ್ಧ ಹೊರಗೆ ತೆಗೆದೆ.

"ನಿನ್ನ ಮ್ಯಾಲ ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತದ," ಎಂದಳು ಕಾಕಿ. "ಅದ. ಈಗ ಹೇಳಿದಿ, ಅದಕ್ಕ ಇನ್ನಷ್ಟು ಆತು. ಆದ್ರ ನಿನಗ ಹನ್ನೆರಡು ವರ್ಷ ಇತ್ತು. ನಾ ತಾಯಿ ಇದ್ದೆ." ಮೊರ ಪಕ್ಕಕ್ಕೆ ಸರಿಸಿ ನನ್ನ ಚೀಲ ನೋಡಿದಳು. "ಅದ ಕಿತಾಬೇನು? ಓದು. ಹಿಂದೀನೂ ಓದು, ಅರ್ಥಾನೂ ಹೇಳು. ನಡುವ ನಿಂದೇನೂ ಹಾಕಬ್ಯಾಡ."

ಮೊದಲ ಪುಟದಿಂದ ಓದಿದೆ. ಉಗ್ರವಾದಿಗಳು, ಗಾಜಿನ ನಳಿಗೆ, ನೀರಿನ ಟಾಕಿ. ಸಾಲು ಓದಿ ಅಷ್ಟಕ್ಕೇ ಅರ್ಥ ಹೇಳಿದೆ, ಒಂದು ಶಬ್ದ ಹೆಚ್ಚಿಲ್ಲ. ಡಾಕ್ಟರ್ ಬಾಯಿ ಈ ಕಡೆ ತಿರುಗಿದಾಗ ಕಾಕಿ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ತಾಯಂದಿರು ಬಾಗಿಲು ಮುಚ್ಚಿದ ಚಿತ್ರ ಬಂದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಂಟನೆಯ ಪುಟ ತೆರೆದೆ. ಕಾಕಿ ಬೆರಳಿಟ್ಟು ಪಾಳಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಮುಟ್ಟುತ್ತ ಹೋದಳು, ಚಡ್ಡಿಯ ಹುಡುಗ, ಕುಂಟ ಹುಡುಗ, ಎರಡು ಜಡೆಯ ಹುಡುಗಿ. ಆ ಹುಡುಗಿಯ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಟೇಪು ಹಳದಿ ಬಣ್ಣದ್ದು.

"ಯಾರೂ ಮನ್ಯಾಗ ಉಳದಿಲ್ಲೇನು?" ಎಂದಳು.

ಹತ್ತು ಮಾತು ಬಾಯಿಗೆ ಬಂದವು. ಒಬ್ಬಾಕಿ ಉಳದಿದ್ಲು, ಆಕಿಗೂ ಆಮ್ಯಾಲ ಮನೀಗೇ ಬಂದು ಮಾಡಿದ್ರು ಎನ್ನಬಹುದಿತ್ತು. ಕಾಕಿಗೆ ಹಿಂದಿ ಬರುವುದಿಲ್ಲ.

"ಇಲ್ಲ ಕಾಕಿ," ಎಂದೆ. "ಎಲ್ಲಾರೂ ಬಂದಾರ."

ಕಾಕಿ ಪುಟದ ಮೇಲಿಂದ ಬೆರಳು ತೆಗೆಯಲಿಲ್ಲ. ಮಗಳು ಕೇಳುತ್ತಿದ್ದ ದನಿಯಲ್ಲೇ, "ಮುಂದ?" ಎಂದಳು.